ಪಕ್ಷಪಾತವಿಲ್ಲದ ಪೆಟ್ಟಿಗೆ

“ಬೆಲ್ಟ್ ಹಾಕಿಕೊಳ್ಳಿ,” ಎಂದಿತು ಪೆಟ್ಟಿಗೆ.

ಹೊಸ ಚಾಲಕ ಬೆಚ್ಚಿಬಿದ್ದ. ವ್ಯಾನಿನ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಕನ್ನಡಿಯ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟಿದ್ದ ಕಪ್ಪು ಪೆಟ್ಟಿಗೆ. ಅದಕ್ಕೊಂದು ಕಣ್ಣು, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ದನಿ. ಹಿಂದುಗಡೆ, ಸಂಜೆಯೊಳಗೆ ಮನೆ ಮನೆ ಸೇರಬೇಕಾದ ಎಂಬತ್ತು ಪಾರ್ಸೆಲ್.

ಮೇಲ್ವಿಚಾರಕ ಕಿಟಕಿಯಲ್ಲಿ ತಲೆ ತೂರಿಸಿ ವಿವರಿಸಿದ. ಆರು ದಿನ ಪರೀಕ್ಷೆ. ಪೆಟ್ಟಿಗೆ ಎಲ್ಲವನ್ನೂ ನೋಡುತ್ತದೆ, ಕೇಳುತ್ತದೆ, ಅಂಕ ಕೊಡುತ್ತದೆ. ಒಂದೇ ಒಂದು ಪಾರ್ಸೆಲ್ ತಪ್ಪು ಮನೆಗೆ ಹೋದರೂ ಶನಿವಾರ ಕೀಲಿ ವಾಪಸ್ಸು. ಮೊದಲು ಮನುಷ್ಯರ ಕೈಯಲ್ಲಿ ಅಂಕ ಕೊಡಿಸಿ ಕಂಪನಿಗೆ ಸಾಕುಸಾಕಾಗಿತ್ತಂತೆ.

“ಮನುಷ್ಯ ಅಂದ್ಮೇಲೆ ನಮ್ಮೋರು, ತಮ್ಮೋರು ಅಂತ ಇದ್ದೇ ಇರುತ್ತೆ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಪಕ್ಷಪಾತ ಅಂದ್ರೇನು ಅಂತಾನೇ ಗೊತ್ತಿಲ್ಲ,” ಎಂದ, ಹೆತ್ತ ಮಗನನ್ನು ಹೊಗಳುವ ಹಾಗೆ.

ಪೆಟ್ಟಿಗೆಗಳ ಮಿದುಳು ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಚಾಲಕರು ಅಲ್ಲಿಗೆ ಹೋಗುವಂತಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಹತ್ತು ಹನ್ನೆರಡು ಜೊತೆ ಚಪ್ಪಲಿ ಮಾತ್ರ ಕಾಣುತ್ತಿದ್ದವು. ಗುಡಿಸಿ ಒರೆಸುವವರದು, ಯಂತ್ರಕ್ಕೆ ಧೂಳು ಕಂಡರೆ ಆಗುವುದಿಲ್ಲ ಎಂದ ಮೇಲ್ವಿಚಾರಕ. ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ಪೆಟ್ಟಿಗೆ ಮೂಕ. ಯಂತ್ರ ಕಾದಿರುತ್ತದೆ, ತಣ್ಣಗಾಗಲು ಬಿಡಬೇಕು ಎಂದವನೂ ಅವನೇ.

ಚಾಲಕನಿಗೆ ಈ ಕೆಲಸ ಹೋಗಕೂಡದು. ಎರಡು ವರ್ಷದಲ್ಲಿ ಇದು ನಾಲ್ಕನೆಯದು. ಬಟ್ಟೆ ಅಂಗಡಿ, ಔಷಧಿ ಅಂಗಡಿ, ಶಾಲೆಯ ಗೇಟು, ಎಲ್ಲ ಆಗಿತ್ತು. ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಅನ್ನಲು ಅವಳ ತಾಯಿ ಮನೆಯಲ್ಲೇ ಇದ್ದರು. ಅತ್ತೆ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಕಾಗದದಲ್ಲಿ ತಪ್ಪು ಹುಡುಕುವುದು ನಿಂತ ಮೇಲೆ ಅಳಿಯನಲ್ಲಿ ಹುಡುಕತೊಡಗಿದ್ದರು. “ಇದು ಎಷ್ಟು ದಿನವೋ ನೋಡೋಣ,” ಎಂದಷ್ಟೇ ಹೇಳಿ, ಅವನಿಗಿಂತ ಕಾಲು ಗಂಟೆ ಮೊದಲೇ ಕೊಡೆ ಹಿಡಿದು ಗೆಳತಿಯ ಮನೆಗೆ ಹೊರಟುಬಿಡುತ್ತಿದ್ದರು. ಈಚೆಗೆ ಅದೊಂದು ರೂಢಿ. ಸಂಜೆ ಬಂದವರು, ವಯಸ್ಸಾಯಿತು ಎಂದು ಗೊಣಗುತ್ತ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುತ್ತಿದ್ದರು.

ಇತ್ತ ಪೆಟ್ಟಿಗೆ ಬಿಡುತ್ತಿರಲಿಲ್ಲ. ವೇಗ ತಗ್ಗಿಸಿ. ಆಕಳಿಸಬೇಡಿ. ಗೇಟು ಮುಚ್ಚಿ ಬನ್ನಿ. ಗಮನ ರಸ್ತೆಯ ಮೇಲಿರಲಿ. ಮೊದಲ ದಿನ ಚಾಲಕ ಹೆದರಿದ. ಎರಡನೆಯ ದಿನ ಎದುರು ಮಾತಾಡಿದ. ಮೂರನೆಯ ದಿನಕ್ಕೆ ಹರಟೆಯೇ ಶುರುವಾಯಿತು. ಯಂತ್ರಕ್ಕೆಂಥ ಬಹುವಚನ ಎಂದು ಏಕವಚನದಲ್ಲೇ. ವ್ಯಾಯಾಮದ ಕಬ್ಬಿಣ ತರಿಸಿದವನೊಬ್ಬ ಅದನ್ನೆತ್ತಿ ಮೂರನೆಯ ಮಹಡಿಗೆ ಸಾಗಿಸಲು ತನ್ನನ್ನೇ ಕೇಳಿದ್ದು, ಭದ್ರವಾದ ಬೀಗ ತರಿಸಿದ ಮನೆಯವರು ಬಾಗಿಲು ಹಾರುಹೊಡೆದು ಪೇಟೆಗೆ ಹೋಗಿದ್ದು, ಎಲ್ಲ ವರದಿ ಮಾಡಿದ. ಹೇಳಿಕೊಳ್ಳಲು ಯಾರೋ ಇದ್ದಾರೆ ಎನ್ನುವುದೇ ಒಂದು ಸುಖ. ಆ ಸುಖದಲ್ಲೇ ಒಳಗಿನದೂ ಹೊರಬಂತು.

“ಕೇಳು ಪೆಟ್ಟಿಗೆ. ಹೆಂಡ್ತಿಗೂ ಹೇಳಿಲ್ಲ, ನಿನಗೇ ಮೊದಲು. ನಮ್ಮತ್ತೆ ಅಡುಗೆಗೆ ಉಪ್ಪೇ ಹಾಕಲ್ಲ. ಐದು ವರ್ಷದಿಂದ ಚೆನ್ನಾಗಿದೆ, ಚೆನ್ನಾಗಿದೆ ಅಂತ ನುಂಗ್ತಾ ಇದೀನಿ.”

“ಗಮನ ರಸ್ತೆಯ ಮೇಲಿರಲಿ,” ಎಂದಿತು ಪೆಟ್ಟಿಗೆ. ಆ ಸಂಜೆಯೊಳಗೆ ಇನ್ನೂ ಹನ್ನೊಂದು ಸಲ ಗದರಿಸಿತು.

ಐದನೆಯ ದಿನ ಆಗಬಾರದ್ದು ಆಯಿತು. ಹದಿನೇಳನೆಯ ನಂಬರಿನ ಪಾರ್ಸೆಲ್ಲನ್ನು ಎಪ್ಪತ್ತೊಂದರ ಮನೆಗೆ ಕೊಟ್ಟು ಬಂದಿದ್ದ. ಗೊತ್ತಾದದ್ದು ಮೂರು ಬೀದಿ ದಾಟಿದ ಮೇಲೆ. ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಸ್ಟೀರಿಂಗಿಗೆ ಹಣೆ ಹಚ್ಚಿದ.

“ಬರ್ಕೋ ಪೆಟ್ಟಿಗೆ, ನಿನ್ನ ತಪ್ಪೇನಿಲ್ಲ. ಕೆಲಸ ಹೋಗ್ಲಿ ಬಿಡು. ಅತ್ತೆ ಅಂದಿದ್ದೇ ನಿಜ ಆಯ್ತಲ್ಲ, ಅದೇ ಸಂಕಟ. ನಾನು ಜ್ವರ ಬಂದು ಮಲಗಿದ್ದಾಗ ಹದಿನೈದು ದಿನ ನಿದ್ದೆಗೆಟ್ಟೋರು ಅವರು. ಬೈಕೊಂಡೇ ನೋಡ್ಕೊಂಡ್ರು ಅನ್ನು. ಒಂದ್ಸಲ ಅವರ ಬಾಯಲ್ಲಿ ‘ಪರವಾಗಿಲ್ಲ’ ಅನ್ನಿಸ್ಕೋಬೇಕು ಅಂತಿತ್ತು, ಅಷ್ಟೇ.”

ಪೆಟ್ಟಿಗೆ ಮಾತಾಡಲಿಲ್ಲ. ಚಾಲಕ ಗಡಿಯಾರ ನೋಡಿದ. ಹನ್ನೊಂದೂವರೆ, ಯಂತ್ರ ತಣ್ಣಗಾಗುವ ಹೊತ್ತಲ್ಲ.

“ಎಪ್ಪತ್ತೊಂದಕ್ಕೆ ವಾಪಸ್ಸು ಹೋಗಿ,” ಎಂದಿತು ಕೊನೆಗೆ. “ಇನ್ನೂ ಬಿಚ್ಚಿರಲಾರರು. ಕಣ್ಣು ಒರೆಸಿಕೊಳ್ಳಿ. ಬೆಲ್ಟ್ ಹಾಕಿಕೊಳ್ಳಿ.”

ಬಿಚ್ಚಿರಲಿಲ್ಲ. ಪಾರ್ಸೆಲ್ ತನ್ನ ಮನೆ ಸೇರಿತು.

ಶನಿವಾರ ಮೇಲ್ವಿಚಾರಕ ಅಂಕಪಟ್ಟಿ ಹಿಡಿದು ಬಂದ. ತಪ್ಪು ಮನೆ, ಸೊನ್ನೆ. ಕೆಲಸ ಕಾಯಂ. ಆದರೆ ಅವನ ಬೆರಳು ಪಟ್ಟಿಯ ಕೊನೆಯ ಸಾಲಿನ ಮೇಲೆ ನಿಂತಿತ್ತು. ‘ಷರಾ’ ಎಂಬ ಆ ಜಾಗದಲ್ಲಿ ಯಂತ್ರ ಈವರೆಗೆ ಯಾರಿಗೂ ಒಂದಕ್ಷರ ಬರೆದದ್ದಿಲ್ಲವಂತೆ. ಇವತ್ತು ‘ಪರವಾಗಿಲ್ಲ’ ಎಂದು ಬರೆದಿತ್ತು.

“ಯಂತ್ರ ದಿನಾ ಕಲೀತಾ ಇದೆ ನೋಡಪ್ಪ,” ಎಂದು ಮೇಲ್ವಿಚಾರಕ ಹೆಮ್ಮೆಯಿಂದ ಮಹಡಿಯ ಕಡೆ ನೋಡಿದ.

ಚಾಲಕ ವ್ಯಾನಿಗೆ ಹೋಗಿ ಯಾರೂ ನೋಡದಂತೆ ಪೆಟ್ಟಿಗೆಯ ತಲೆ ಸವರಿದ. ಹೆತ್ತವರಿಲ್ಲದ ಯಂತ್ರಕ್ಕೂ ಕರುಳಿದೆಯಲ್ಲ ಎನ್ನಿಸಿತು.

ಮನೆಯಲ್ಲಿ ಹೆಂಡತಿ ಅಂಕಪಟ್ಟಿಯನ್ನು ಎರಡೆರಡು ಸಲ ಓದಿಸಿದಳು. ಅತ್ತೆ ಬೆರಳುಗಳನ್ನು ಬಿಸಿನೀರಿನಿಂದ ತೆಗೆದು, ಒರೆಸಿಕೊಂಡು, ಊಟಕ್ಕೆ ಬಡಿಸಿದರು. ಅಳಿಯ ಒಂದು ತುತ್ತು ಬಾಯಿಗಿಟ್ಟು, ಎಂದಿನಂತೆ ಗೋಡೆ ನೋಡುತ್ತ ಚೆನ್ನಾಗಿದೆ ಎಂದ.

ಅತ್ತೆ ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ಸರಿಸಿ, “ಗಮನ ತಟ್ಟೆಯ ಮೇಲಿರಲಿ,” ಎಂದರು.