ಆರರಿಂದ ಎಂಟರವರೆಗೆ ಸಾಧನೆ

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋಗಿ, ಹಾಲಿನವನು ಎಂದಿನಂತೆ ಗಂಟೆ ಬಾರಿಸಿದ ಮೊದಲ ಬೆಳಗ್ಗೆ, ನಾದಿನಿ ಅಳತೆಪಟ್ಟಿ ಹಿಡಿದು ತೀರಿಹೋದ ಅಣ್ಣನ ಆರ್ಗನ್ ವಾದ್ಯವನ್ನು ಅಳೆಯುತ್ತಿದ್ದಳು.

“ಬಾಗಿಲಲ್ಲಿ ಹಿಡಿಸಲ್ಲ. ಮಾರೋದಾದ್ರೆ ಕಾಲು ಬಿಚ್ಚಿಸಬೇಕು.”

“ಮಾರೋ ಮಾತೆತ್ತಬೇಡ,” ಅತ್ತೆ ಅಡುಗೆಮನೆಯಿಂದಲೇ ಕೂಗಿದರು. “ನನ್ನ ಮಗನ ಪ್ರಾಣ ಅದರಲ್ಲಿತ್ತು. ರಿಪೇರಿ ಮಾಡಿಸಿ ಹಾಗೇ ಇಡೋಣ.”

“ಇಟ್ಕೊಂಡು ಧೂಳು ಒರೆಸ್ತೀಯಾ?” ಎಂದ ಮೈದುನ. “ಒಳಗಿಂದೆಲ್ಲ ಕಿತ್ತು ಕಂಪ್ಯೂಟರ್ ಕೂರಿಸೋಣಮ್ಮ. ನೂರು ವಾದ್ಯದ ಸದ್ದು ಬರುತ್ತೆ. ಈ ರೂಮು ನಂಗೆ ಸ್ಟುಡಿಯೋ ಆಗುತ್ತೆ. ಅತ್ತಿಗೆ ಹೇಗೂ ನಿನ್ನ ಪಕ್ಕ ಮಲಗ್ತಾರೆ.”

ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು. ಅದೇನು ಹೊಸದಲ್ಲ. ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿಯ ಪತ್ರ ಕೈಗೆ ಬಂದಿತ್ತು, ಗಂಟಲಿಗೆ ತಲುಪಿರಲಿಲ್ಲ. ಮೈದುನ ಸಭೆ ಸಮಾರಂಭಗಳ ನಿರೂಪಕ. ಉಪ್ಪು ಕೇಳುವುದಕ್ಕೂ ಪೀಠಿಕೆ ಹಾಕುವವನು. ನಾದಿನಿ ಫೋನಿನಲ್ಲಿ ವಿಮೆ ಮಾರುತ್ತಿದ್ದಳು. ಎದುರಿನವರಿಗೆ ‘ಬೇಡ’ ಎನ್ನಲು ಸಂದು ಕೊಡದಿರುವುದೇ ಅವಳ ಹೊಟ್ಟೆಪಾಡು. ಬೀದಿಯವರು ಇದನ್ನು ರೇಡಿಯೋ ಮನೆ ಎನ್ನುತ್ತಿದ್ದರು. ಸತ್ತವನೊಬ್ಬನೇ ಬಾಯಿದ್ದೂ ಮೂಗ. ಬಸ್ಸಿನಲ್ಲಿ ಎದೆ ಹಿಡಿದು ಒರಗಿದಾಗಲೂ ಪಕ್ಕದವರಿಗೆ ತಿಳಿದದ್ದು ಮೂರು ನಿಲ್ದಾಣ ದಾಟಿದ ಮೇಲೆ.

ಅವನ ಹೆಂಡತಿ ಗೋಡೆಗೆ ಆತು ನಿಂತಿದ್ದಳು. ಓದಿದವಳು. ಮದುವೆಯಾಗಿ ಮೂರು ವರ್ಷ. ಇನ್ನೂ ಅತ್ತಿರಲಿಲ್ಲ, ಅತ್ತಿಲ್ಲವೆಂಬುದರ ಮೇಲೂ ಮನೆಯಲ್ಲಿ ಎರಡು ಸುತ್ತು ಚರ್ಚೆ ಮುಗಿದಿತ್ತು. ಅವಳು ನೋಡುತ್ತಿದ್ದುದು ಆರ್ಗನ್ನನ್ನಲ್ಲ, ಬಾಗಿಲನ್ನು. ಇಡೀ ಮನೆಯಲ್ಲಿ ಒಳಗಿನಿಂದ ಚಿಲಕವಿದ್ದ ಕೋಣೆ ಅದೊಂದೇ. ಆರ್ಗನ್ ಹೋದರೆ ಕೋಣೆ ಹೋಗುತ್ತದೆ. ಕೋಣೆ ಹೋದರೆ ಉಳಿಯುವುದು ಅತ್ತೆಯ ಮಗ್ಗುಲು. ಅತ್ತೆ ನಿದ್ದೆಯಲ್ಲೂ ಮಗ್ಗಿ ಹೇಳುತ್ತಿದ್ದರು.

ಮುಚ್ಚಿಹೋದ ಸಭಾಂಗಣವೊಂದರಿಂದ ಅವನು ಆ ಆರ್ಗನ್ ತಂದು ಹತ್ತು ವರ್ಷವಾಗಿತ್ತು. ಎರಡು ಸಾಲು ಕೀಲಿ, ಕಾಲಡಿಯಲ್ಲಿ ಮೆಟ್ಟುಗಳು, ಬೀರುವಿನ ಗಾತ್ರ. ದಿನಾ ಸಂಜೆ ಆರಕ್ಕೆ ಚಿಲಕ ಹಾಕಿ, ಹೆಡ್‌ಫೋನ್ ಏರಿಸಿ, ಎಂಟರವರೆಗೆ ಸಾಧನೆ. ಮದುವೆಯಾದ ಮೇಲೆ ಅವಳೂ ಪಕ್ಕದ ಸ್ಟೂಲಿನ ಮೇಲೆ ಇನ್ನೊಂದು ಹೆಡ್‌ಫೋನ್ ಹಾಕಿ ಕೂರುತ್ತಿದ್ದಳು. ಕಿಟಕಿಯಲ್ಲಿ ಇಣುಕಿದವರಿಗೆ ಅವನ ಬೆರಳು ಓಡುವುದು ಕಾಣುತ್ತಿತ್ತು. ಒಂದು ಸ್ವರವನ್ನೂ ಯಾರೂ ಕೇಳಿರಲಿಲ್ಲ. ಆದ್ದರಿಂದಲೇ ಅವನ ವಿದ್ವತ್ತಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. “ಅಂಥ ಕೈ ಸಾವಿರಕ್ಕೊಂದು,” ಎಂದು ಅತ್ತೆ ಶವದ ಮುಂದೆಯೂ ನಾಲ್ಕು ಜನಕ್ಕೆ ಹೇಳಿದ್ದರು.

ಮಧ್ಯಾಹ್ನ ವಾದ್ಯ ರಿಪೇರಿಯ ಮುದುಕ ಬಂದ. ಅವನು ಹೇಳಿದಂತೆ ಆಗಲಿ ಎಂದು ಮೂವರೂ ಒಪ್ಪಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಆದ ಒಪ್ಪಂದ.

“ಕರೆಂಟ್ ಹೊಡೆಯುತ್ತೆ, ದೂರ ಇರಿ,” ಎಂದು ಮುದುಕ ಆ ಮೂವರನ್ನೂ ಹೊರಗಟ್ಟಿ, ಬಾಗಿಲು ಹಾಕಿ, ಹಿಂದಿನ ಹಲಗೆ ಬಿಚ್ಚಿ ಟಾರ್ಚ್ ಬಿಟ್ಟ. ಹೆಡ್‌ಫೋನಿನ ವೈರು ಎಳೆದ. ಅದು ಸೂಜಿಯಿಂದ ದಾರ ಜಾರಿದಷ್ಟು ಸಲೀಸಾಗಿ ಈಚೆ ಬಂತು.

“ಕೊನೇ ಸಲ ಇದನ್ನ ನುಡಿಸಿದ್ದು ಯಾವಾಗಮ್ಮ?”

“ಹೋದ ಸೋಮವಾರ,” ಎಂದಳು ಒಳಗೇ ಉಳಿದಿದ್ದ ಹೆಂಡತಿ.

ಮುದುಕ ಟಾರ್ಚ್ ಒಳಗೆ ತಿರುಗಿಸಿದ. ಕರೆಂಟಿನ ಬೋರ್ಡು ಇರಬೇಕಾದಲ್ಲಿ ಇಲಿಗೂಡು. “ಹತ್ತು ವರ್ಷದಿಂದ ಇದು ಬರೀ ಕಟ್ಟಿಗೆ. ನಿಮ್ಮ ಯಜಮಾನರು ಎಲ್ಲರ ಕಿವಿಗೂ ಹೂವಿಟ್ಟಿದ್ದಾರೆ.”

ಅವಳ ಮುಖ ಕದಲಲಿಲ್ಲ. “ಹೊರಗೆ ಹೇಳ್ತೀರಾ?” ಎಂದಷ್ಟೇ ಕೇಳಿದಳು.

ಹೇಳುವುದಕ್ಕೇ ಅವನು ಬಾಗಿಲು ತೆಗೆದ. ಮೂವರೂ ಮೇಲೆ ಬಿದ್ದರು. ಮಾರಿದರೆ ಯಾರು ಕೊಳ್ಳುತ್ತಾರೆ, ಕಂಪ್ಯೂಟರ್ ಎಲ್ಲಿ ಕೂರುತ್ತದೆ, ಮಗ ಎಳವೆಯಲ್ಲೇ ಹೇಗೆ ತಾಳ ಹಾಕುತ್ತಿದ್ದ. ಮುದುಕ ನಾಲ್ಕು ಸಲ ಬಾಯಿ ತೆರೆದ. ನಾಲ್ಕು ಸಲ ಮುಚ್ಚಿದ. ಕಾಲು ಗಂಟೆಯಾದ ಮೇಲೆ ಆರ್ಗನ್ ಹಿಂದಕ್ಕೆ ಹೋಗಿ, ವೈರನ್ನು ಇದ್ದಲ್ಲಿಗೇ ತೂರಿಸಿ, ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದ.

“ಮಾರಿದ್ರೆ ಸೌದೆ. ಕಂಪ್ಯೂಟರ್‌ಗೆ ಜಾಗ ಇಲ್ಲ. ಹೀಗೇ ಇರಲಿ,” ಎಂದ. “ಸ್ಪೀಕರ್ ಹೋಗಿದೆ, ಹೆಡ್‌ಫೋನಿನಲ್ಲಿ ಮಾತ್ರ ನಡೆಯುತ್ತೆ. ದಿನಾ ಎರಡು ಗಂಟೆ ಯಾರಾದ್ರೂ ಕೂರಬೇಕು, ಇಲ್ಲಾಂದ್ರೆ ಕೆಟ್ಟುಹೋಗುತ್ತೆ.”

“ನಾನು ಕೂರ್ತೀನಿ. ಅವರು ಕಲಿಸಿದ್ದಾರೆ,” ಎಂದಳು ಅವಳು.

ಅತ್ತೆಯ ಕಣ್ಣು ತುಂಬಿತು. ಗಂಡನ ವಿದ್ಯೆ ಮಣ್ಣುಪಾಲಾಗದಂತೆ ಕಾಯುವ ಸೊಸೆಯ ಸುದ್ದಿ ಸಂಜೆಯೊಳಗೆ ಬೀದಿಯ ಕೊನೆ ಮುಟ್ಟಿತು.

ಮರುದಿನ ಅವಳು ಅವನ ಹೆಡ್‌ಫೋನನ್ನು ಚೀಲದಲ್ಲಿಟ್ಟುಕೊಂಡು ಅವನು ನಕ್ಷೆ ಬರೆಯುತ್ತಿದ್ದ ಕಾರ್ಖಾನೆಗೆ ಹೋದಳು. ಎರವಲು ಪಡೆದ ವಸ್ತುಗಳನ್ನು ಹಿಂದಿರುಗಿಸಬೇಕೆಂದು ಅಲ್ಲಿಂದ ಚೀಟಿ ಬಂದಿತ್ತು.

ಸ್ಟೋರ್‌ಕೀಪರ್ ಅದನ್ನು ತಿರುಗಿಸಿ ನೋಡಿದ. ಕಪ್ಪು ಟೇಪು ಕಿತ್ತ. ವೈರು ಕಳಚಿ ಅವನ ಕೈಗೆ ಬಂತು.

“ಇದಕ್ಕೆ ವೈರ್ ಯಾಕಮ್ಮ ಅಂಟಿಸಿದ್ರು? ಇದು ಸುತ್ತಿಗೆ ವಿಭಾಗದವರು ಕಿವಿ ಮುಚ್ಕೊಳ್ಳೋದು. ಪಕ್ಕದಲ್ಲಿ ಸಿಡಿಲು ಬಿದ್ರೂ ಕೇಳಿಸಲ್ಲ. ನಕ್ಷೆ ವಿಭಾಗದಲ್ಲಿ ಫ್ಯಾನೂ ಸದ್ದು ಮಾಡಲ್ಲ, ನಿಮಗ್ಯಾಕೆ ಸಾರ್ ಅಂದ್ರೆ ನಗೋರು.” ಅವನು ಪುಸ್ತಕದಲ್ಲಿ ಬೆರಳಾಡಿಸಿದ. “ಎರಡು ತಗೊಂಡಿದ್ದಾರಲ್ಲ. ಎರಡನೇದು ಮೂರು ವರ್ಷದ ಹಿಂದೆ. ಮದುವೆ ರಜ ಮುಗಿಸಿ ಬಂದ ದಿನವೇ. ಅದೆಲ್ಲಿ?”

ಅವಳು ಗೋಡೆಯ ಗಡಿಯಾರ ನೋಡಿದಳು. ಐದಾಗಿತ್ತು.

“ಅದನ್ನ ಕೊಡೋಕಾಗಲ್ಲ. ಆರಕ್ಕೆ ಸಾಧನೆ ಇದೆ.”