ರಟ್ಟಿನ ಮೇಲಿನ ಹನಿ

ಹಳೆಯ ಡಬ್ಬಿಯನ್ನು ಓರೆ ಮಾಡಿ ನೆರಿಸ್ ರಟ್ಟಿನ ಮೇಲೆ ಆಯಿಲ್ ತೊಟ್ಟಿಕ್ಕಿಸಿದಳು. ಮೊದಲ ಹನಿ ಚೆನ್ನಾಗಿಯೇ ಬಿತ್ತು. ಎರಡನೆಯದಕ್ಕೆ ಡಬ್ಬಿ ಹೆಚ್ಚು ಓರೆಯಾಗಿ ತಟ್ಟೆಯಷ್ಟು ಹರಡಿತು. ಇಷ್ಟು ಸೋರಿದರೆ ಯಾವ ಕಾರು ತಾನೇ ಉಳಿದೀತು ಎಂದು ಗಾಬರಿಯಾಗಿ, ಅಂಚನ್ನು ಚಿಂದಿಯಿಂದ ಒರೆಸಿ, ರಟ್ಟನ್ನು ತನ್ನ ಹೊಸ ಕೆಂಪು ಕಾರಿನ ಎಂಜಿನ್ನಿನ ಅಡಿಗೆ ತಳ್ಳಿದಳು. ಬೀದಿಯ ಮೇಲ್ತುದಿಯಲ್ಲಿ ನೆರೆಯ ಗ್ವಿಲಿಮ್‌ನ ನಾಯಿ ಆಗಲೇ ಬೊಗಳುತ್ತಿತ್ತು. ಶನಿವಾರ ಬೆಳಿಗ್ಗೆ ಅವನು ಪೇಪರ್ ತರಲು ಇಳಿದು ಬರುವ ಹೊತ್ತು. ಡಬ್ಬಿಯನ್ನು ಕಸದ ತೊಟ್ಟಿಯ ಹಿಂದೆ ಅಡಗಿಸಿ ಅವಳು ಏನೂ ಅರಿಯದವಳಂತೆ ಬಾಗಿಲಲ್ಲಿ ನಿಂತಳು.

ಹಳೆಯ ಕಾರಿನ ಹೆಸರು ಮೇಬಲ್. ಅಪ್ಪನ ಕಾಲದ್ದು, ಹಸಿರು ಬಣ್ಣ, ದುಂಡು ಮೂಗು. ಚಳಿಯಲ್ಲಿ ಅದಕ್ಕೆ ಮುನಿಸು, ಮಳೆಯಲ್ಲಿ ಕೆಮ್ಮು. ಸ್ಟಾರ್ಟ್ ಆಗದಿದ್ದರೆ ಉರುಳಿಸಿಯಾದರೂ ಹೊರಡಿಸಬಹುದೆಂದು ವೇಲ್ಸಿನ ಆ ಕಡಿದಾದ ಬೀದಿಯಲ್ಲಿ ಮೂಗನ್ನು ಇಳಿಜಾರಿಗೇ ಮಾಡಿ ನಿಲ್ಲಿಸುತ್ತಿದ್ದಳು. ನಿಂತ ಕಡೆಯೆಲ್ಲ ಸೋರುತ್ತಿತ್ತಾದ್ದರಿಂದ ಅಡಿಗೊಂದು ರಟ್ಟು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಆಯುಷ್ಯ ಸವೆಸಿ ನಿವೃತ್ತನಾಗಿದ್ದ ಗ್ವಿಲಿಮ್ ಶನಿವಾರ ಬಂತೆಂದರೆ, ವೈದ್ಯರು ನಾಲಿಗೆ ನೋಡುವ ಹಾಗೆ ಆ ರಟ್ಟನ್ನು ಎಳೆದು ನೋಡುತ್ತಿದ್ದ. ಆಮೇಲೆ ಮಧ್ಯಾಹ್ನದವರೆಗೆ ಬಾನೆಟ್ ಮುಚ್ಚುತ್ತಿರಲಿಲ್ಲ. ಅವನು ಬೈಯುತ್ತ ನಟ್ಟು ಬಿಗಿಯುವುದು, ಅವಳು ಟಾರ್ಚ್ ಹಿಡಿಯುವುದು, ನಡುವೆ ಟೀ.

"ಎಷ್ಟು ವರ್ಷ ಅಂತ ತಳ್ತೀಯ ಚಿಕ್ಕಮ್ಮ? ಸುಖ ಅಂದ್ರೆ ಏನು ಅಂತ ಒಂದ್ಸಲ ನೋಡು," ಎಂದು ಅಕ್ಕನ ಮಗಳು ಬೆಥನ್ ಬೆನ್ನು ಬಿದ್ದಳು. ಮೇಬಲ್ ಇಂಗ್ಲೆಂಡಿನ ಯಾರೋ ಶೋಕಿಲಾಲನ ಪಾಲಾಯಿತು. ಬಂದದ್ದು ಈ ಕೆಂಪು ಹ್ಯಾಚ್‌ಬ್ಯಾಕ್. ನೋಡಲು ಪುಟಾಣಿ, ಒತ್ತಿದರೆ ಹುಲಿ. ಮೊದಲ ದಿನ ಬೆಟ್ಟದ ಏರಿನಲ್ಲಿ ಒಂದೇ ಉಸಿರಿಗೆ ಎರಡು ಲಾರಿಗಳನ್ನು ಹಿಂದೆ ಹಾಕಿದಾಗ ನೆರಿಸ್ ಜೋರಾಗಿ ನಕ್ಕುಬಿಟ್ಟಳು. ನಗು ಮುಗಿಸಿ ಪಕ್ಕಕ್ಕೆ ತಿರುಗಿದರೆ ಸೀಟಿನಲ್ಲಿ ಕೈಚೀಲ ಕೂತಿತ್ತು. ಎದುರಿಗೊಂದು ಹಳೆಯ ಕಾರು ಬಂತು. ಅಂಥ ಕಾರಿನವರು ದಾರಿಯಲ್ಲಿ ಸಿಕ್ಕರೆ ಪರಸ್ಪರ ಕೈ ಎತ್ತುವುದು ವಾಡಿಕೆ; ಅವಳ ಕೈ ತಾನಾಗಿ ಎದ್ದಿತು. ಹೊಸ ಕಾರಿನವಳು ಕೈ ಎತ್ತಿದ್ದು ಕಂಡು ಆ ಕಾರಿನವನು, ತನ್ನ ಟೈರಿಗೆ ಏನಾಯಿತೋ ಎಂದು ಬಗ್ಗಿ ನೋಡಿಕೊಂಡು ಹೋದ.

ಆ ವಾರವೇ ಗ್ವಿಲಿಮ್ ಬಂದು ಬಾನೆಟ್ ಎತ್ತಿಸಿದ್ದ. ಒಳಗೆ ಕಪ್ಪು ಪ್ಲಾಸ್ಟಿಕ್.

"ಮುಚ್ಚಳ ತೆಗೆದ್ರೆ ಇನ್ನೊಂದು ಮುಚ್ಚಳ," ಎಂದ. "ನನ್ನ ಸ್ಪ್ಯಾನರೆಲ್ಲ ಇಂಚಿನ ಲೆಕ್ಕದ್ದು ಕಣಮ್ಮ. ಇದರ ನಟ್ಟೆಲ್ಲ ಮಿಲಿಮೀಟರಿನವು, ಒಂದಕ್ಕೂ ಕೂರಲ್ಲ. ಅಂತೂ ನಿಂಗೆ ನನ್ನ ಕಾಟ ತಪ್ತು."

ಹಾಗೆಲ್ಲ ಹೇಳಬೇಡಿ ಎನ್ನಬೇಕಿತ್ತು. ಮಾತು ನಾಲಿಗೆಯವರೆಗೂ ಬಂದಿತ್ತು. "ಹೂಂ, ಒಳ್ಳೇದೇ ಆಯ್ತು," ಎಂದುಬಿಟ್ಟಳು. ಅಂದಿನಿಂದ ಅವನು ಟೋಪಿ ಎತ್ತಿ ಮುಂದೆ ಹೋಗುತ್ತಿದ್ದ. ಚಳಿಗಾಲ ಬಂದು ಹೋಯಿತು. ಕಾರಿಗೆ ಒಂದು ಸೀನೂ ಬರಲಿಲ್ಲ. ನೆರಿಸ್ ಅದನ್ನೂ ಇಳಿಜಾರಿಗೇ ಮುಖ ಮಾಡಿ ನಿಲ್ಲಿಸಿದಳು, ಅದರ ಅಡಿಗೂ ರಟ್ಟು ಹಾಸಿದಳು. ರಟ್ಟು ಒಣಗಿಯೇ ಇತ್ತು.

"ಗ್ವಿಲಿಮ್ ಅವ್ರೇ," ಎಂದಳು ಈಗ, ಅವನು ಮನೆ ಮುಂದೆ ಬಂದು ಟೋಪಿ ಎತ್ತುತ್ತಿದ್ದಂತೆ. ದನಿ ಬೇಕಾದ್ದಕ್ಕಿಂತ ಏರಿಬಿಟ್ಟಿತು. "ಇದು... ಸೋರ್ತಿದೆ ಅನ್ಸುತ್ತೆ."

"ಈ ಹೊಸಾದು?"

"ಹೂಂ."

"ಬಡ್ಡೀಮಗಂದು, ಕೊನೆಗೂ ಮನುಷ್ಯರ ಥರ ಆಯ್ತಲ್ಲ." ನಾಯಿಯ ಹಗ್ಗವನ್ನು ಅವಳ ಕೈಗಿತ್ತು, ಒಂದೊಂದೇ ಮಂಡಿ ಊರಿ, ರಟ್ಟನ್ನು ಎಳೆದ. ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿದ. ಹೊಸ ಕಾರಿಗೆ ಹಾಕುವ ಆಯಿಲ್ ನೀರಿನಷ್ಟು ತೆಳ್ಳಗೆ. ಇದು ಅವನ ಬೆರಳುಗಳ ನಡುವೆ ಜೇನಿನಂತೆ ಎಳೆಯಾಯಿತು. ಮೂಸಿದ. ಇನ್ನೊಮ್ಮೆ ಮೂಸಿದ. ನೆರಿಸ್ ನಾಯಿಯ ಕಿವಿಯನ್ನೇ ನೋಡುತ್ತ ನಿಂತಳು. ಅವನ ಕಣ್ಣು ಕಸದ ತೊಟ್ಟಿಯತ್ತ ಹೋಯಿತು. ಅಲ್ಲಿ ಮೇಬಲ್‌ನ ಆಯಿಲ್ ಡಬ್ಬಿಯ ಮೂತಿ ಇಣುಕುತ್ತಿತ್ತು.

"ಕೆಟ್ಟ ಸೋರಿಕೆ," ಎಂದ ಗ್ವಿಲಿಮ್.

"ಗ್ಯಾರಂಟಿ ಇದೆ," ಅವಳ ಮುಖ ಕೆಂಪಾಗಿತ್ತು. "ಬೇಕಾದ್ರೆ ಷೋರೂಮಿಗೆ ಒಯ್ದು..."

"ಅವ್ರೇನ್ ಮಾಡ್ತಾರೆ? ಕಂಪ್ಯೂಟರ್ ಚುಚ್ಚಿ, ಏನೂ ಇಲ್ಲ ಹೋಗಮ್ಮ ಅಂತಾರೆ. ಇಂಥದ್ದನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋಬೇಕು. ಶನಿವಾರ ಶನಿವಾರ. ಎತ್ತು ಬಾನೆಟ್ಟು."

ಅವನು ಕೋಟು ಬಿಚ್ಚಿ ಕಾರಿನ ಕನ್ನಡಿಗೆ ನೇತುಹಾಕಿದ. ಜೇಬಿನಿಂದ ಏನೋ ಜಾರಿ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು. ಮೇಬಲ್‌ನ ಅರ್ಧ ಇಂಚಿನ ಸ್ಪ್ಯಾನರ್. ಎಷ್ಟು ಕಾಲದಿಂದ ಹೊತ್ತು ತಿರುಗಿದ್ದನೋ, ಖಾಲಿಯಾದ ಮೇಲೂ ಆ ಜೇಬು ಅದರದೇ ಆಕಾರಕ್ಕೆ ಜೋತು ಬಿದ್ದಿತ್ತು.

ಇಬ್ಬರೂ ಸ್ಪ್ಯಾನರನ್ನು ನೋಡಿದರು. ಗ್ವಿಲಿಮ್ ಬಗ್ಗಿ ಅದನ್ನು ಎತ್ತಿಕೊಂಡು, ಅಂಗಿಗೆ ಒರೆಸಿ, ಕಪ್ಪು ಪ್ಲಾಸ್ಟಿಕ್ ಮುಚ್ಚಳದ ಮೇಲೆ ಬಗ್ಗಿ ನಿಂತ. ನೆರಿಸ್ ಒಳಗೆ ಹೋಗಿ ಕೆಟಲ್ ಇಟ್ಟು, ಟಾರ್ಚ್ ತಂದು, ಹಾಡುಹಗಲಿನ ಬಿಸಿಲಲ್ಲಿ ಹಿಡಿದುಕೊಂಡು ನಿಂತಳು.