ನಂಟಿನ ತೂಕ

ಮನಸ್ಸು ಹಚ್ಚಿಕೊಂಡ ವಸ್ತುವೆಲ್ಲ ನಿಜಕ್ಕೂ ಭಾರವಾಗುವ ಕಾಲ ಬಂದ ಮೇಲೆ, ಇಂಜಿನ್ ಇಳಿಸುವ ಮೊದಲು ಮೆಕ್ಯಾನಿಕ್ ಶಂಶಾದ್ ಒಂದು ಮಾತು ಕೇಳಿಯೇ ಕೇಳುತ್ತಿದ್ದಳು.

"ಎಷ್ಟು ವರ್ಷದ ನಂಟ್ರಿ, ಕಾಕಾ?"

"ಎಂಥಾ ನಂಟವಾ, ಬರೇ ಕಬ್ಬಿಣ," ಅಂದರು ಶಾಲೆಯ ವ್ಯಾನ್ ಓಡಿಸುವ ಗುರುಪಾದಪ್ಪ.

ಆಕೆ ನಂಬಿದಳು. ಹಳೆಯ ಲಿಫ್ಟ್ ಟೇಬಲ್ಲನ್ನು ಏದುಸಿರು ಬಿಡುತ್ತ ವ್ಯಾನಿನ ಕೆಳಗೆ ತಳ್ಳಿ, ಗಾಲಿಗಳಿಗೆ ಬ್ರೇಕ್ ಹಾಕಿ, ಇಂಜಿನ್ನಿಗೆ ತಾಗುವಷ್ಟು ಎತ್ತರಿಸಿ, ಮೊದಲ ಬೋಲ್ಟ್ ಸಡಿಲಿಸಿದಳು. ಟೇಬಲ್ ಕಿರ್ರನೆ ನರಳಿತು. ತಕ್ಷಣ ಬೋಲ್ಟನ್ನು ಮತ್ತೆ ಬಿಗಿದಳು.

"ಕಾಕಾ, ಇದು ಹೊರೋದು ಐನೂರು ಕಿಲೋ. ನೀವು ಸುಳ್ಳು ಹೇಳಿದ್ರ ನನ್ನ ಕೈ ಹೋಗತೈತಿ."

ಗುರುಪಾದಪ್ಪ ತಲೆ ತಗ್ಗಿಸಿದರು. "ಹತ್ತೊಂಬತ್ತು ವರ್ಷ ಆತವಾ. ಅಳೋ ಕೂಸುಗಳು ಇದರ ಸಪ್ಪಳ ಕೇಳಿದ್ರ ಸುಮ್ಮನಾಗ್ತಿದ್ವು."

"ಹಂಗನ್ರಿ ಮತ್ತ. ದೊಡ್ಡ ಟೇಬಲ್ ತರ್ತೀನಿ."

ಸಣ್ಣದನ್ನು ಪೂರ್ತಿ ಕೆಳಗಿಳಿಸಿ, ಬ್ರೇಕ್ ತೆಗೆದು ತಳ್ಳಿದಳು. ಖಾಲಿ ಟೇಬಲ್ ಒಂದು ಗೇಣು ಸರಿದು ನಿಂತುಬಿಟ್ಟಿತು.

"ಇದ್ಯಾರದವಾ?"

"ನಮ್ಮಪ್ಪಂದ್ರಿ," ಅಂದಳು, ಅತ್ತ ಮುಖ ಮಾಡಿ.

ಗುರುಪಾದಪ್ಪ ಅಂಗಿಯ ತೋಳು ಮಡಚಿಕೊಂಡು ಬಂದು, ಆಕೆಯ ಪಕ್ಕ ನಿಂತು ಟೇಬಲ್ಲಿಗೆ ಕೈಹಚ್ಚಿದರು.